ನಡುಗುವ ಸ್ಟೇರಿಂಗು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಕಡೆ ಯಾರನ್ನು ಕೇಳಿದರೂ ನನ್ನ ಬಗ್ಗೆ ಮೊದಲು ಹೇಳುವುದು ಇದನ್ನೇ. ಪುರವರದಿಂದ ಸ್ವಲ್ಪ ಒಳಕ್ಕೆ ಹೋದರೆ ನಮ್ಮೂರು. ನನ್ನದೊಂದು ಪಿಕಪ್ ಗಾಡಿ ಇದೆ, ಅದರಲ್ಲಿ ಕುರಿ ಸಾಗಿಸುತ್ತೇನೆ. ಪಾವಗಡದ ಕಡೆಯ ಹಟ್ಟಿಗಳಲ್ಲಿ ತುಂಬಿಕೊಂಡು ಶಿರಾ ಸಂತೆಗೆ ಇಳಿಸುವುದು, ಸಂತೆಯಲ್ಲಿ ಮರಿ ಕೊಂಡವರಿದ್ದರೆ ಅವರವರ ಊರಿಗೆ ಮುಟ್ಟಿಸುವುದು, ಇದು ಕೆಲಸ. ದಿನವೆಲ್ಲ ಕುರಿಗಳ ಜೊತೆ ಇದ್ದೂ ಈ ಮನುಷ್ಯನಿಗೆ ಸಾಧುತನ ಬರಲಿಲ್ಲವಲ್ಲ ಎಂದು ನನ್ನ ಹೆಂಡತಿ ಆಶ್ಚರ್ಯಪಡುತ್ತಾಳೆ. ಅವಳು ನನ್ನ ಸೋದರಮಾವನ ಮಗಳು. ಚಿಕ್ಕಂದಿನಿಂದ ಒಟ್ಟಿಗೆ ಆಡಿ, ಜಗಳವಾಡಿ ಬೆಳೆದವರು ನಾವು. ಆದ್ದರಿಂದ ಗಂಡನೆಂಬ ಭಯಭಕ್ತಿ ಅವಳಿಗೆ ಇವತ್ತಿನವರೆಗೂ ಬಂದಿಲ್ಲ. ಇನ್ನು ಬರುವ ಲಕ್ಷಣವೂ ಇಲ್ಲ.

ಹಟ್ಟಿಗಳಿಗೆ ಹೋಗುವ ದಾರಿಯನ್ನು ದಾರಿ ಎನ್ನಬಾರದು. ಬಂಡೆಗಳ ನಡುವೆ ಕುರಿಗಳು ತುಳಿದು ಮಾಡಿಕೊಂಡ ಜಾಡು ಅದು. ಪ್ರತಿ ಸಲವೂ ಗಾಡಿಯ ತಳಕ್ಕೆ ಕಲ್ಲು ಕುಟ್ಟುತ್ತಿತ್ತು, ಕುಟ್ಟಿದಾಗಲೆಲ್ಲ ನನ್ನ ಹೊಟ್ಟೆಗೇ ಕುಟ್ಟಿದ ಹಾಗಾಗುತ್ತಿತ್ತು. ಹೋದ ವರ್ಷ ಹಳೆಯ ಟೈರುಗಳು ಸವೆದು ಬೋಳಾದಾಗ, ಹಾಕಿಸುವುದೇ ಆದರೆ ಒಂದು ಸೈಜು ದೊಡ್ಡದನ್ನೇ ಹಾಕಿಸೋಣ, ಗಾಡಿ ಸ್ವಲ್ಪ ಎತ್ತರವಾಗಲಿ ಎಂದು ತೀರ್ಮಾನ ಮಾಡಿದೆ. ಶಿರಾದಲ್ಲಿ ಹೈವೇ ಪಕ್ಕದ ಒಂದು ಟೈರ್ ಅಂಗಡಿಗೆ ಹೋದೆ. ಅಂಗಡಿಯ ಭಾಯಿ ನನ್ನ ವಾರಿಗೆಯವನು, ನನ್ನಷ್ಟೇ ಮುಂಗೋಪಿ.

"ಕಂಪನಿ ಕೊಟ್ಟ ಸೈಜು ಬಿಟ್ಟು ದೊಡ್ಡದು ಹಾಕಿದ್ರೆ ನೂರೆಂಟು ತಕರಾರು ಬರ್ತದೆ ಭಾಯಿ. ಆಮೇಲೆ ಬಂದು ನನ್ ತಲೆ ತಿನ್ನಬ್ಯಾಡ" ಎಂದ.

"ನಿನ್ ತಲೇಲಿ ತಿನ್ನಕ್ಕೇನೈತೆ, ಹಾಕು" ಎಂದೆ.

ಗೊಣಗಿಕೊಂಡೇ ಹಾಕಿದ. ಸ್ಟೇರಿಂಗನ್ನು ಆ ಕಡೆಗೂ ಈ ಕಡೆಗೂ ಪೂರ್ತಿ ತಿರುಗಿಸಿ, ಟೈರು ಎಲ್ಲಾದರೂ ಉಜ್ಜುತ್ತದೆಯೇ ಎಂದು ಬಗ್ಗಿ ನೋಡಿದ. ಚಕ್ರಗಳನ್ನು ಒಂದೊಂದಾಗಿ ಮೆಷಿನ್ನಿಗೆ ಸಿಕ್ಕಿಸಿ, ಗಿರಗಿರ ತಿರುಗಿಸಿ ಬ್ಯಾಲೆನ್ಸ್ ಮಾಡಿದ. ಅಷ್ಟು ಹೊತ್ತೂ ನಾನು ಪಕ್ಕದ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದೆ. ಅವನು ಚಕ್ರಕ್ಕೆ ಏನು ಮಾಡಿದ, ಎಲ್ಲಿ ಏನು ಅಂಟಿಸಿದ ಎಂದು ನೋಡುವ ವ್ಯವಧಾನ ನನಗಿರಲಿಲ್ಲ. ಶಿರಾದಿಂದ ಮಧುಗಿರಿಗೆ, ಅಲ್ಲಿಂದ ಊರಿಗೆ, ಗಾಡಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು. ಮೊದಲಿಗಿಂತ ಎತ್ತರದಲ್ಲಿ ಕೂತು ರಸ್ತೆಯನ್ನು ನೋಡುತ್ತಾ, ಎದುರಿಗೆ ಬಂದ ಕಾರುಗಳವರನ್ನೆಲ್ಲ ಪಾಪ ಎಂದುಕೊಂಡು ಬಂದೆ.

ನಮ್ಮ ಮನೆಯಲ್ಲೊಂದು ಪದ್ಧತಿ ಇದೆ. ಹೊಸದು ಏನೇ ಬಂದರೂ ಅಂಗಡಿಯ ಗುರುತು ಉಳಿಸಿಕೊಂಡು ಬಳಕೆಗೆ ಬರುವಂತಿಲ್ಲ. ಹೊಸ ಪಾತ್ರೆಯಾದರೆ ಚೀಟಿ ಕಿತ್ತು, ಹುಣಸೆಹಣ್ಣು ಹಾಕಿ ತಿಕ್ಕಿ, ಅರಿಸಿನ ಕುಂಕುಮ ಇಟ್ಟ ಮೇಲೇ ಒಲೆಗೆ. ಟೈರಿಗೂ ಅದೇ ಕಾನೂನು. ಮಾರನೆಯ ಬೆಳಿಗ್ಗೆ ಹೆಂಡತಿ ಸೆರಗು ಸಿಕ್ಕಿಸಿಕೊಂಡು, ಕುಡುಗೋಲು ಹಿಡಿದುಕೊಂಡು ಬಂದಳು. ನಾನು ನೀರಿನ ಪೈಪು ಹಿಡಿದೆ. ಎತ್ತಿನ ಮೈ ತೊಳೆಯುವ ಹಾಗೆ ತೊಳೆದೆವು. ಟೈರಿನ ಮೇಲಿನ ಬಣ್ಣದ ಚೀಟಿ, ರಿಮ್ಮಿನ ಅಂಚಿಗೆ ಅಂಟಿದ್ದ ಅದೂ ಇದೂ ಎಲ್ಲವನ್ನೂ ಅವಳು ಕುಡುಗೋಲಿನ ಮೊನೆಯಿಂದ ಕೆರೆದು ತೆಗೆದಳು. "ಆ ಕಡೇಲಿ ಇನ್ನೂ ಏನೋ ಅಂಟ್ಕಂಡೈತೆ ನೋಡು" ಎಂದು ನಾನೇ ಬೆರಳು ಮಾಡಿ ತೋರಿಸಿದೆ. ಆಮೇಲೆ ಹೂವು, ವಿಭೂತಿ, ತೆಂಗಿನಕಾಯಿ. ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣಿಟ್ಟು ಗಾಡಿ ಮುಂದಕ್ಕೆ ಬಿಟ್ಟೆ. ಹಣ್ಣುಗಳು ಪಚಕ್ಕೆಂದವು. ಎಲ್ಲ ಸಾಂಗವಾಗಿ ಮುಗಿಯಿತೆಂದು ಇಬ್ಬರಿಗೂ ಸಮಾಧಾನವಾಯಿತು.

ಆವತ್ತೇ ಪಾವಗಡದ ಕಡೆ ಹೊರಟೆ. ಕುರಿ ತುಂಬಿಕೊಂಡು ವಾಪಸು ಬರುವಾಗ ಕುರಿಯ ವ್ಯಾಪಾರಿ ನನ್ನ ಪಕ್ಕದಲ್ಲಿ ಕೂತಿದ್ದ. ಪಾವಗಡಕ್ಕಿಂತ ಆಚೆಯವನು, ಅರ್ಧ ತೆಲುಗು ಅರ್ಧ ಕನ್ನಡ. ನೆಟ್ಟಗಿನ ರಸ್ತೆ ಸಿಕ್ಕಿತೆಂದು ವೇಗ ಏರಿಸಿದೆ. ಅರವತ್ತು ದಾಟುತ್ತಿದ್ದ ಹಾಗೆ ಅಂಗೈಯಲ್ಲಿ ಏನೋ ಜುಮ್ಮೆಂದಿತು. ನೋಡುತ್ತೇನೆ, ಸ್ಟೇರಿಂಗಿನ ಮೇಲೆ ನನ್ನ ಎರಡು ಕೈಗಳೂ ಪತಪತ ಅದುರುತ್ತಿವೆ. ವ್ಯಾಪಾರಿಯೂ ಅದನ್ನೇ ನೋಡುತ್ತಿದ್ದ.

"ಏಮನ್ನಾ, ನೀ ಚೇತುಲು ಅಟ್ಲ ವಣುಕ್ತಾಂಡಾಯಿ?" ಎಂದ. ನನಗೆ ತಿಳಿಯಲಿಲ್ಲವೇನೋ ಎಂದು ಕನ್ನಡದಲ್ಲಿ ಇನ್ನೊಂದು ಸಲ ಕೇಳಿದ. "ನಿನ್ ಕೈ ಯಾಕಣ್ಣ ಅಂಗೆ ನಡುಗ್ತಾವೆ?"

ಅವನು ಸ್ಟೇರಿಂಗ್ ನಡುಗುತ್ತಿದೆ ಎಂದಿದ್ದರೆ ನನ್ನ ಮುಂದಿನ ದಿನಗಳು ಬೇರೆಯೇ ಆಗುತ್ತಿದ್ದವು. ಆದರೆ ಪುಣ್ಯಾತ್ಮ ಕೈ ಎಂದುಬಿಟ್ಟ. ನನಗೆ ಆ ಒಂದು ಮಾತು ಸಾಕಾಯಿತು.

ಯಾಕೆಂದರೆ ನಮ್ಮಪ್ಪನಿಗೂ ಹೀಗೇ ಶುರುವಾಗಿತ್ತು. ಅಪ್ಪ ಪುರವರದಲ್ಲಿ ಟೈಲರ್ ಆಗಿದ್ದರು. ಸುತ್ತಲಿನ ಹಳ್ಳಿಗಳ ಮಕ್ಕಳಿಗೆಲ್ಲ ಸ್ಕೂಲಿನ ಯೂನಿಫಾರಂ ಅವರೇ ಹೊಲಿಯುತ್ತಿದ್ದದ್ದು. ಈಗ ನನಗಿರುವ ವಯಸ್ಸಿನಲ್ಲಿ, ಅಂದರೆ ಐವತ್ತು ದಾಟಿದ ಮೇಲೆ, ಅವರ ಬಲಗೈ ನಡುಗತೊಡಗಿತು. ಮೊದಲು ಸೂಜಿಗೆ ದಾರ ಹೋಗುವುದು ನಿಂತಿತು. ಆಮೇಲೆ ಬಟ್ಟೆ ಡೊಂಕಾಗಿ ಕತ್ತರಿಸತೊಡಗಿದರು. ನೋಡನೋಡುತ್ತಿದ್ದಂತೆ ಅಂಗಡಿ ಮುಚ್ಚಿ, ಮೆಷಿನ್ನು ಮಾರಿ, ಮನೆಯ ಜಗಲಿ ಹಿಡಿದರು. ಕೊನೆಕೊನೆಗೆ ಅನ್ನವನ್ನು ಬಾಯಿಗೆ ತೆಗೆದುಕೊಂಡು ಹೋಗುವುದಕ್ಕೂ ಆಗುತ್ತಿರಲಿಲ್ಲ. ತಿನ್ನಿಸುತ್ತಿದ್ದವಳು ನನ್ನ ಹೆಂಡತಿಯೇ. ಆಸ್ಪತ್ರೆ, ಹರಕೆ, ನಾಟಿ ಔಷಧಿ ಏನು ಮಾಡಿದರೂ ಆ ನಡುಕ ನಿಲ್ಲಲಿಲ್ಲ. ಸಾವು ಬಂತು, ಅದು ನಿಲ್ಲಿಸಿತು.

ಆ ದಿನ ಮಧುಗಿರಿ ಮುಟ್ಟುವ ಮೊದಲೇ ಒಂದು ಕಡೆ ಟೀಗೆಂದು ನಿಲ್ಲಿಸಿದೆ. ಗಾಡಿ ಆಫ್ ಆಗಿತ್ತು, ಸ್ಟೇರಿಂಗಿನಿಂದ ಕೈ ತೆಗೆದಾಗಿತ್ತು. ಆದರೂ ಟೀ ಲೋಟ ಹಿಡಿದರೆ ಬೆರಳುಗಳಲ್ಲಿ ಸಣ್ಣಗೆ ನಡುಕ ಇದ್ದೇ ಇತ್ತು. ಟೀಯ ಮೇಲೆ ಗೆರೆಗೆರೆಯಾಗಿ ಅಲೆ ಏಳುತ್ತಿತ್ತು. ಅಷ್ಟು ದೂರ ಅದುರುವ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು ಬಂದರೆ ಯಾವ ಕೈಯಾದರೂ ಜೋಮು ಹಿಡಿಯುತ್ತದೆ ಎಂದು ಈಗ ಗೊತ್ತು. ಆಗ ಗೊತ್ತಾಗಲಿಲ್ಲ. ಮುಗಿಯಿತು, ಅಪ್ಪನದು ನನಗೆ ಬಂತು ಎಂದುಕೊಂಡೆ. ಟೀ ಅರ್ಧಕ್ಕೇ ಚೆಲ್ಲಿ ಎದ್ದೆ. ಸಕ್ಕರೆ ಜಾಸ್ತಿಯಾಯಿತೆಂದು ಹೋಟೆಲಿನವನನ್ನು ಬೈದೆ, ಅವನು ಬೆಲ್ಲದ ಟೀ ಕೊಟ್ಟಿದ್ದ.

ಟೈರಿನ ಮೇಲೆ ಅನುಮಾನ ಬರಲಿಲ್ಲವೇ ಎಂದು ಆಮೇಲೆ ಎಲ್ಲರೂ ಕೇಳಿದರು. ಬರಲಿಲ್ಲ. ಹೇಗೆ ಬರಬೇಕು? ಅದೇ ಟೈರಿನಲ್ಲಿ ಶಿರಾದಿಂದ ಊರಿನವರೆಗೆ ನೀರು ಕುಡಿದಷ್ಟು ಸಲೀಸಾಗಿ ಬಂದಿದ್ದೆ. ಟೈರಿನಲ್ಲಿ ಐಬಿದ್ದರೆ ಅವತ್ತೇ ತೋರಬೇಕಿತ್ತಲ್ಲ? ಮತ್ತೆ ಆ ಭಾಯಿಯ ಹತ್ತಿರ ಹೋಗಿ ನಿನ್ನ ಟೈರು ಸರಿಯಿಲ್ಲ ಎಂದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನನಗೇ ತಿರುಗಿಸಿ ಹೇಳುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಇನ್ನೊಂದು ಗುರುತು ಸಿಕ್ಕಿತ್ತು. ವೇಗ ಇಳಿಸಿದರೆ ನಡುಕ ನಿಲ್ಲುತ್ತಿತ್ತು. ನಲವತ್ತರಲ್ಲಿ ಹೋದರೆ ಕೈ ಸುಮ್ಮನಿರುತ್ತಿತ್ತು. ಅಪ್ಪನಿಗೂ ಹಾಗೇ. ಯಾರೂ ಆತುರ ಮಾಡದೆ ಬಿಟ್ಟರೆ ಕೈ ತೆಪ್ಪಗಿರುತ್ತಿತ್ತು, ಬಸ್ಸಿಗೆ ಹೊತ್ತಾಯಿತು ಎಂದರೆ ಸಾಕು, ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಇಷ್ಟು ಸಾಕ್ಷಿ ಇದ್ದ ಮೇಲೆ ಇನ್ನೇನು ಬೇಕು?

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ ದೇವರೇ ಬಲ್ಲ. ಊಟಕ್ಕೆ ಕೂತಾಗ ಅಂಗೈ ಚಾಚಿ ನೋಡಿಕೊಳ್ಳುವುದು, ಯಾರಾದರೂ ಬಂದರೆ ತೊಡೆಯ ಕೆಳಗೆ ಇಟ್ಟುಕೊಳ್ಳುವುದು. ಒಂದು ಮಧ್ಯಾಹ್ನ ಹೆಂಡತಿ ಬಾವಿಯ ಕಡೆ ಹೋದಾಗ ಅವಳ ಸೂಜಿಡಬ್ಬಿ ತೆಗೆದು ದಾರ ಪೋಣಿಸಲು ಕೂತೆ. ಹೋಗಲಿಲ್ಲ. ಬಾಯಲ್ಲಿಟ್ಟು ಚೂಪು ಮಾಡಿಕೊಂಡೆ, ಬೆಳಕಿಗೆ ಹಿಡಿದೆ. ಹೋಗಲೇ ಇಲ್ಲ. ಕಣ್ಣಿಗೆ ಚಾಳೀಸು ಬಂದವನಿಗೆ ಸೂಜಿಯ ಕಣ್ಣು ಎಲ್ಲಿ ಕಾಣಬೇಕು ಎಂಬ ಬುದ್ಧಿ ಆಗ ಹೊಳೆಯಲಿಲ್ಲ. ಹೆದರಿಕೆಗೆ ಕೈ ಇನ್ನಷ್ಟು ನಡುಗಿತು, ನಡುಗಿದ್ದು ನೋಡಿ ಹೆದರಿಕೆ ಇನ್ನಷ್ಟಾಯಿತು. ಹೆಜ್ಜೆ ಸಪ್ಪಳ ಕೇಳಿ ಎಲ್ಲವನ್ನೂ ಡಬ್ಬಿಗೆ ತುರುಕಿ ಎದ್ದೆ.

ಗಾಡಿ ನಿಧಾನವಾಯಿತು. ಸಂತೆಗೆ ಬೆಳಗಾಗುವ ಹೊತ್ತಿಗೆ ಮುಟ್ಟಬೇಕಾದ ಕುರಿಗಳು ಬಿಸಿಲೇರಿದ ಮೇಲೆ ಮುಟ್ಟತೊಡಗಿದವು. ವ್ಯಾಪಾರಿಗಳು ಗೊಣಗಿದರು. ಹಿಂದೆ ಬಂದ ಟ್ರಾಕ್ಟರುಗಳು ಕೂಡ ಹಾರ್ನ್ ಹೊಡೆದು ನನ್ನನ್ನು ದಾಟಿ ಹೋದವು. ನನಗೆ ಗೊತ್ತಿರುವುದು ಇದೊಂದೇ ಕೆಲಸ. ಕೈ ಹೋದರೆ ಸ್ಟೇರಿಂಗ್ ಹೋಯಿತು, ಸ್ಟೇರಿಂಗ್ ಹೋದರೆ ನಾನೂ ಅಪ್ಪನ ಹಾಗೆ ಜಗಲಿಯ ಮೇಲಿನ ಮನುಷ್ಯ. ಹೆಂಡತಿ ಇನ್ನೊಂದು ಸಲ ತುತ್ತು ಕಲಸಿ, ಇನ್ನೊಂದು ಬಾಯಿಗೆ ಇಡಬೇಕು. ಒಂದು ದಿನ ಕೊರಟಗೆರೆಯಲ್ಲಿ ಮರಿ ಇಳಿಸಿ, ಧೈರ್ಯ ಮಾಡಿ ಆಸ್ಪತ್ರೆಯ ಗೇಟಿನವರೆಗೆ ಹೋದೆ. ಒಳಗೆ ಹೋಗಿ ಕೈ ಚಾಚಿದರೆ ಡಾಕ್ಟರು ಹೌದು ಎಂದುಬಿಟ್ಟರೆ? ಗೇಟಿನ ಹತ್ತಿರ ಕಿತ್ತಳೆ ಮಾರುವವಳ ಜೊತೆ ಹಣ್ಣು ಹುಳಿಯೆಂದು ಜಗಳ ತೆಗೆದು ವಾಪಸು ಬಂದೆ. ಹಣ್ಣು ಕೊಂಡೇ ಇರಲಿಲ್ಲ.

ಮನೆಯಲ್ಲಿ ಹೆಂಡತಿಗೆ ಏನೂ ಹೇಳಲಿಲ್ಲ. ಅವಳಿಗೆ ಏನೂ ಗೊತ್ತಾಗಿಲ್ಲ ಎಂದುಕೊಂಡಿದ್ದೆ. ಅವಳು ಎಂದಿನ ಹಾಗೆ ರೇಗಿಸುತ್ತಿದ್ದಳು, ನಾನು ಎಂದಿನ ಹಾಗೆ ರೇಗುತ್ತಿದ್ದೆ.

ಮುಂದಿನ ಸಂತೆಯ ಹಿಂದಿನ ಸಂಜೆ ಅವಳ ತಮ್ಮ ಬಂದ. ಕೊರಟಗೆರೆ, ಮಧುಗಿರಿ ನಡುವೆ ಓಡುವ ಪ್ರೈವೇಟ್ ಬಸ್ಸಿನ ಡ್ರೈವರು ಅವನು. "ಭಾವ, ನಾಳೆ ನಂಗೆ ರಜ. ನಿಂಗೆ ಸೊಂಟ ನೋವಂತಲ್ಲ, ಗಾಡಿ ನಾನೇ ಓಡಿಸ್ತೀನಿ, ನೀನು ಪಕ್ಕದಾಗೆ ಕುಂತ್ಕ" ಎಂದ.

"ಯಾವನ್ಲಾ ಅಂದದ್ದು ನಂಗೆ ಸೊಂಟ ನೋವು ಅಂತ?"

"ಅಕ್ಕ ಅಂದ್ಲು."

ಅಕ್ಕ ಒಳಗಿನಿಂದಲೇ ಕೂಗಿದಳು, "ಹೂ ಕಣಪ್ಪಾ, ನಾನೇ ಅಂದಿದ್ದು. ಎರಡು ದಿನದಿಂದ ಬಗ್ಗಿ ಚಪ್ಪಲಿ ಹಾಕ್ಕಳ್ಳಕ್ಕೂ ಮುಕ್ಕರೀತಾ ಇಲ್ವಾ? ಒಂದಿನ ಸುಮ್ನೆ ಕುಂತ್ರೆ ಗಂಟೇನೂ ಹೋಗಲ್ಲ."

ಇನ್ನೊಂದು ಹೊತ್ತಾಗಿದ್ದರೆ ಮನೆ ಹಾರಿಹೋಗುವ ಹಾಗೆ ಕೂಗಾಡುತ್ತಿದ್ದೆ. ಅವತ್ತು ಸೊಂಟ ನೋವು ನನಗೂ ಒಳ್ಳೆಯ ನೆಪವಾಗಿ ಕಂಡಿತು. ಆಯಿತು ಎಂದೆ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದನ್ನು ನಾನು ಗಮನಿಸಿದೆ. ಇಷ್ಟು ಬೇಗ ಒಪ್ಪಿದೆನಲ್ಲ ಎಂಬ ಆಶ್ಚರ್ಯವಿರಬೇಕು ಎಂದುಕೊಂಡೆ.

ಬೆಳಿಗ್ಗೆ ಮಧುಗಿರಿ ದಾಟಿದೆವು. ಹಿಂದೆ ಕುರಿಗಳು, ಮುಂದೆ ನಾವಿಬ್ಬರು. ನನ್ನ ಗಾಡಿಯಲ್ಲೇ ನಾನು ಎಡಗಡೆ ಕೂತದ್ದು ಅದೇ ಮೊದಲು. ಭಾಮೈದನಿಗೆ ಬಸ್ಸಿನ ಚಾಳಿ, ಮುಂದಿನ ಸ್ಟಾಪಿಗೆ ಇನ್ನೊಂದು ಬಸ್ಸಿಗಿಂತ ಮೊದಲು ಹೋಗಬೇಕೆಂಬ ಹಾಗೆಯೇ ಓಡಿಸುತ್ತಾನೆ. ರಸ್ತೆ ಖಾಲಿಯಿತ್ತು. ಐವತ್ತಾಯಿತು, ಅರವತ್ತಾಯಿತು. ನಾನು ಬೈಯಲು ಅವನ ಕಡೆ ತಿರುಗಿದೆ.

ಅವನ ಕೈಗಳು ನಡುಗುತ್ತಿದ್ದವು.

ಎರಡೂ ಕೈ. ಪತಪತ, ಥೇಟ್ ನನ್ನ ಕೈಗಳ ಹಾಗೆಯೇ. ಮೂವತ್ತೈದು ದಾಟದ, ಕಲ್ಲುಗುಂಡಿನಂಥ ಆಳಿನ ಕೈ!

"ಲೇ, ನಿನ್ ಕೈ ನೋಡ್ಕಳ್ಲಾ!" ಎಂದು ಕಿರುಚಿದೆ.

ಅವನು ಹಾವು ಬಿತ್ತೇನೋ ಎಂದು ಬೆಚ್ಚಿದ. "ಏನಾಯ್ತು ಭಾವ?"

"ನಡುಗ್ತಾ ಐತೆ ಕಣ್ಲಾ! ನಿನ್ ಕೈನೂ ನಡುಗ್ತಾ ಐತೆ!"

"ನನ್ ಕೈ ಯಾಕೆ ನಡುಗ್ತದೆ? ಸ್ಟೇರಿಂಗು ಹೊಡ್ಕಂತಾ ಐತೆ. ಇದೇನು ಗಾಡಿನಾ, ರಾಗಿ ಮಿಷಿನ್ನಾ? ಇಂಗಿಟ್ಕಂಡು ಇಷ್ಟು ದಿನ ಹೆಂಗೆ ಓಡಿಸ್ದೆ?"

"ನಿಧಾನ ಮಾಡು" ಎಂದೆ. ಮಾಡಿದ. ನಡುಕ ನಿಂತಿತು. "ಈಗ ಜೋರಾಗಿ ಬಿಡು." ಬಿಟ್ಟ. ಮತ್ತೆ ಪತಪತ. "ಇನ್ನೊಂದ್ ಕಿತ ನಿಧಾನ ಮಾಡು." ಭಾವನಿಗೆ ತಲೆ ಕೆಟ್ಟಿದೆ ಎಂದು ಅವನಿಗೆ ಖಾತ್ರಿಯಾಗಿರಬೇಕು. ಅವನು ಓರೆಗಣ್ಣಿನಿಂದ ನೋಡುತ್ತಾ ಹೇಳಿದ ಹಾಗೆಲ್ಲ ಮಾಡಿದ. ಕೊನೆಗೆ ಒಂದು ಹುಣಸೆಮರದ ಕೆಳಗೆ ನಿಲ್ಲಿಸಿದ. ನಾನು ಇಳಿದು ಹೋಗಿ ಮರಕ್ಕೆ ಒರಗಿ ನಿಂತೆ. ನಗು ಬಂತು. ತಡೆಯಲಾಗದಂಥ ನಗು. ಅದರ ಹಿಂದೆಯೇ ಅಳು ಬಂತು, ಅದನ್ನೂ ತಡೆಯಲಿಲ್ಲ. ಅಯ್ಯೋ ಶಿವನೇ, ನಾನಲ್ಲ, ಗಾಡಿ! ಕೆಟ್ಟಿರುವುದು ಗಾಡಿ! ಒಬ್ಬ ಡ್ರೈವರು ತನ್ನ ಗಾಡಿ ಕೆಟ್ಟಿತೆಂದು ಅಷ್ಟು ಸಂತೋಷಪಟ್ಟದ್ದು ಭೂಮಿಯ ಮೇಲೆ ಅದೇ ಮೊದಲಿರಬೇಕು. ಭಾಮೈದ ನೀರಿನ ಬಾಟಲಿ ಹಿಡಿದುಕೊಂಡು ಸ್ವಲ್ಪ ದೂರದಲ್ಲಿ ನಿಂತಿದ್ದ, ಹತ್ತಿರ ಬರಲು ಧೈರ್ಯವಿಲ್ಲದೆ. ಅವನಿಗೆ ಎಲ್ಲವನ್ನೂ ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡು, ಮುಖ ಆ ಕಡೆ ತಿರುಗಿಸಿ, "ಅಂಗಾ" ಎಂದ, ಅಷ್ಟೇ.

ಸಂತೆಯಲ್ಲಿ ಕುರಿ ಇಳಿಸಿ ನೇರವಾಗಿ ಟೈರ್ ಅಂಗಡಿಗೆ ಹೋದೆವು. ಗಾಡಿ ನಿಂತದ್ದೇ ತಡ, ಭಾಯಿ ತೋಳು ಮಡಚುತ್ತಾ ಎದ್ದ. "ನಾನು ಆವತ್ತೇ ಹೇಳಿರ್ಲಿಲ್ವಾ? ತಕರಾರು ಬರ್ತದೆ, ದೊಡ್ಡ ಟೈರ್ ಬ್ಯಾಡ ಅಂತ? ಈಗ ಏನಂತ ಬಂದೆ?"

ನಾನು ಹೋಗಿ ಅವನ ಎರಡು ಕೈಗಳನ್ನೂ ಹಿಡಿದುಕೊಂಡೆ. "ಸ್ಟೇರಿಂಗ್ ನಡುಗ್ತದೆ ಭಾಯಿ" ಎಂದೆ. ಎಷ್ಟು ಪ್ರಯತ್ನಪಟ್ಟರೂ ಮುಖದ ನಗು ಹೋಗಲಿಲ್ಲ.

ಜಗಳಕ್ಕೆ ತಯಾರಾಗಿದ್ದವನು ಕಕ್ಕಾಬಿಕ್ಕಿಯಾದ. "ನಿನ್ ತಬಿಯತ್ತು ಸರಿಯಾಗಿದೆ ತಾನೆ?" ಎಂದು ಕೇಳಿದ.

"ಈಗ ಸರಿಯಾಗೈತೆ" ಎಂದೆ.

ಅವನು ಮುಂದಿನ ಚಕ್ರಗಳನ್ನು ಜಾಕಿಯಲ್ಲಿ ಎತ್ತಿದ. ಹಿಡಿದು ಅಲ್ಲಾಡಿಸಿ, ಬೇರಿಂಗಿನಲ್ಲಿ ಆಟವಿಲ್ಲ, ಸಡಿಲವಾಗಿಲ್ಲ ಎಂದ. ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ರಾಡುಗಳ ಕೀಲುಗಳನ್ನೂ ನೋಡಿದ, ಬಿಗಿಯಾಗಿದ್ದವು. ಗಾಳಿ ಸರಿಯಿತ್ತು. ನಟ್ಟುಗಳು ಸ್ವಲ್ಪ ಸಡಿಲವಾಗಿದ್ದವು, ಹೊಸ ಚಕ್ರ ಹಾಕಿಸಿದ ಮೇಲೆ ಒಂದು ಸಲ ಬಂದು ಬಿಗಿ ಮಾಡಿಸಿಕೊಂಡು ಹೋಗಬೇಕಿತ್ತು ಎಂದು ಬೈದ. ಆದರೆ ಇಷ್ಟು ನಡುಕ ಅದರಿಂದ ಬರುವುದಿಲ್ಲ ಎಂದು ರಿಮ್ಮಿನ ಅಂಚಿನ ಮೇಲೆ ಬೆರಳು ಆಡಿಸಿದ. ಬೆರಳಿಗೆ ಒಣಗಿದ ಕುಂಕುಮ ಹತ್ತಿತು.

"ಅರೇ, ಸೀಸ ಎಲ್ಲಿ?"

"ಎಂಥ ಸೀಸ?"

"ನಾನು ಅಂಟಿಸಿದ್ನಲ್ಲ! ಬೂದಿ ಬಣ್ಣದ ಪಟ್ಟಿ. ಈ ಕಡೆ ಒಂದು, ಆ ಕಡೆ ಎರಡು. ಎಲ್ಲಿ ಹೋದ್ವು?"

ಟೈರು ಎಷ್ಟು ಚೆನ್ನಾಗಿದ್ದರೂ ಸುತ್ತಲೂ ಒಂದೇ ತೂಕ ಇರುವುದಿಲ್ಲವಂತೆ. ಒಂದು ಕಡೆ ಭಾರ ಇದ್ದರೆ ಎದುರು ಕಡೆಗೆ ಅಷ್ಟೇ ತೂಕದ ಸೀಸ ಅಂಟಿಸಿ ಸರಿದೂಗಿಸಬೇಕು. ಬ್ಯಾಲೆನ್ಸ್ ಮಾಡುವುದೆಂದರೆ ಅದೇ. "ಬಟ್ಟೆ ಒಗೆಯೋ ಮೆಷಿನ್ನಲ್ಲಿ ಬಟ್ಟೆಯೆಲ್ಲ ಒಂದೇ ಕಡೆ ಸೇರ್ಕೊಂಡ್ರೆ ಕುಣಿಯಲ್ವಾ? ಹಂಗೇ ಇದು. ಟೈರು ದೊಡ್ಡದಾದಷ್ಟೂ ಕುಣಿತ ಜಾಸ್ತಿ" ಎಂದ ಭಾಯಿ. ನನಗೆ ಕುಡುಗೋಲಿನ ಮೊನೆ ಕಣ್ಮುಂದೆ ಬಂತು. ಬೆರಳು ಮಾಡಿ ತೋರಿಸಿದ್ದೂ ನೆನಪಾಯಿತು. ಪೂಜೆಗೆಂದು ಕೆರೆದು ತೆಗೆದೆವು ಎಂದು ತಗ್ಗಿದ ದನಿಯಲ್ಲಿ ಹೇಳಿದೆ. ಭಾಯಿ ಅಂಗಡಿಯ ಮುಂದಿನ ಟೈರುಗಳ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕ. ಭಾಮೈದನೂ ಸೇರಿಕೊಂಡ. ನಾನೂ ನಕ್ಕೆ. ನನ್ನನ್ನು ನೋಡಿ ಯಾರಾದರೂ ನಕ್ಕರೆ ನಾನು ಸುಮ್ಮನಿರುವ ಆಸಾಮಿಯಲ್ಲ, ಆವತ್ತು ಮಾತ್ರ ಇನ್ನಷ್ಟು ನಗಲಿ ಎನ್ನಿಸಿತು.

ಚಕ್ರಗಳನ್ನು ಬಿಚ್ಚಿ, ಕೆಸರು ಕುಂಕುಮ ಒರೆಸಿ, ಮತ್ತೆ ಮೆಷಿನ್ನಿಗೆ ಹಾಕಿದ. ಈ ಸಲ ನಾನು ಟೀಗೆ ಹೋಗದೆ ಪಕ್ಕದಲ್ಲೇ ನಿಂತು ನೋಡಿದೆ. ಅಂಟಿಸುವ ಪಟ್ಟಿ ಬೇಡ ಎಂದು ಕೊಕ್ಕೆಯಿರುವ ಸೀಸದ ತುಂಡುಗಳನ್ನು ತೆಗೆದು, ರಿಮ್ಮಿನ ಅಂಚಿಗೆ ಸುತ್ತಿಗೆಯಿಂದ ಹೊಡೆದು ಕೂರಿಸಿದ. "ಇದನ್ನ ಕುಡುಗೋಲಲ್ಲಿ ಕೀಳಕ್ಕಾಗಲ್ಲ, ಮನೇಲಿ ಹೇಳು" ಎಂದ. ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ, ಒಂದು ಸುತ್ತು ಓಡಿಸಿಕೊಂಡು ಬಾ ಎಂದ. ಹೈವೇಗೆ ಹತ್ತಿಸಿದೆ. ಅರವತ್ತು. ಎಪ್ಪತ್ತು. ಒಂದು ಕೈ ಬಿಟ್ಟೆ. ಇನ್ನೊಂದು ಕೈಯ ಎರಡು ಬೆರಳುಗಳಲ್ಲಿ ಹಿಡಿದೆ. ಸ್ಟೇರಿಂಗು ಕಲ್ಲಿನ ಬಸವಣ್ಣನ ಹಾಗೆ ಅಲುಗಾಡದೆ ಕೂತಿತ್ತು. ನನ್ನ ಕೈಯೂ.

ಊರು ಮುಟ್ಟುವವರೆಗೂ ನಾನೇ ಓಡಿಸಿದೆ. ಹೆಂಡತಿ ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಗಾಡಿಯಿಂದ ಇಳಿದರೆ, ಅವಳು ಮೊದಲು ನೋಡಿದ್ದು ತಮ್ಮನ ಮುಖವನ್ನು. ಅವನು ನಗುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿದಳು.

"ಅಮ್ಮಣ್ಣೀ, ಟೈರಿನ ಸೀಸಾನೆಲ್ಲ ಕೆರೆದು ತಿಪ್ಪೆಗೆ ಹಾಕಿದ್ದೀಯಲ್ಲೇ! ಅದಕ್ಕೇ ಸ್ಟೇರಿಂಗು ನಡುಗ್ತಾ ಇದ್ದದ್ದು" ಎಂದೆ.

"ಏನಂದೆ? ಸ್ಟೇರಿಂಗಾ ನಡುಗಿದ್ದು?"

"ಹೂ. ಸ್ಟೇರಿಂಗೇ. ನೀನೇ ಮಾಡಿದ್ದು."

"ನಾನಾ? ಆ ಕಡೇಲಿ ಅಂಟ್ಕಂಡೈತೆ ನೋಡು ಅಂತ ಬೆರಳು ತೋರಿಸ್ದೋನು ಯಾವನು?" ಎಂದು ಕುಟ್ಟುವ ಕಲ್ಲು ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತಳು. ನಿಂತವಳು ನಕ್ಕಳು. ನಗುತ್ತಾ ನಗುತ್ತಾ ಮತ್ತೆ ಕೂತಳು, ಸೆರಗು ಬಾಯಿಗೆ ಹಿಡಿದಳು. ಭುಜ ಕುಲುಕುತ್ತಿತ್ತು. ನಗುವಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಭಾಮೈದ ಮೆಲ್ಲಗೆ, "ಅಕ್ಕ, ಅಂಗಾದ್ರೆ ನಾಳೆಯಿಂದ ನಾನು ಬರೋದು ಬ್ಯಾಡ ಅಲ್ವಾ?" ಎಂದ.

"ಸುಮ್ನಿರ್ಲಾ" ಎಂದಳು ಅವಳು.

"ಎಲ್ಲಿಗ್ಲಾ ಬರೋದು?" ಎಂದೆ ನಾನು.

"ಕೆರೆ ಅಂಗಳಕ್ಕೆ. ಅಕ್ಕ ಗಾಡಿ ಓಡಿಸೋದು ಕಲೀತೀನಿ ಅಂತ ಕುಂತಿದ್ಲು. ಕೊರಟಗೆರೇಲಿ ನಮ್ ಕಂಡಕ್ಟರಿಂದು ಹಳೇ ಕಾರು ಕೇಳಿ ಮಡಗಿದ್ದೆ. ಇವತ್ತು ಬಂದಿದ್ದೂ ಅದಕ್ಕೇ, ನಿನ್ ಕೈ ಎಷ್ಟು ಮಟ್ಟಿಗೆ ಐತೆ ನೋಡ್ಕಂಡು ಬಾ ಅಂದಿದ್ಲು."

ನಾನು ಅವಳ ಕಡೆ ನೋಡಿದೆ. ಅವಳು ಹುಣಸೆಬೀಜಗಳನ್ನು ಒಂದು ಕಡೆಗೆ ಬಳಿಯುತ್ತಾ, ತಲೆಯೆತ್ತದೆ ಹೇಳಿದಳು. "ಮಾವನ ಕೈ ನೋಡಿದೋಳಲ್ವಾ ನಾನು. ನೀನು ಸೂಜಿಡಬ್ಬಿ ಇಟ್ಕಂಡು ಕುಂತಿದ್ದಾಗ್ಲೇ ತಿಳೀತು. ಕೇಳಿದ್ರೆ ಮೈಮೇಲೆ ಬರ್ತೀಯ, ಅದಕ್ಕೇ ಕೇಳ್ಲಿಲ್ಲ. ಜಗಲಿ ಮೇಲೆ ಕುಂತ್ಕಂಡ್ರೆ ನೀನು ಉಳಿಯಲ್ಲ. ಗಾಡಿ ನಾನು ಓಡಿಸ್ತೀನಿ, ನೀನು ಪಕ್ಕದಾಗೆ ಕುಂತ್ಕಂಡು ಬೈಕಂತಾ ಇರು ಅಂದ್ಕಂಡಿದ್ದೆ."

ಐವತ್ತು ದಾಟಿದ ಹೆಂಗಸು, ಸೈಕಲ್ ಕೂಡ ತುಳಿದವಳಲ್ಲ. ಅಷ್ಟು ದಿನ ನಾನು ಕೈ ಮುಚ್ಚಿಟ್ಟುಕೊಂಡು ನನ್ನ ಒಬ್ಬನ ಸಂಕಟವೆಂದು ಒದ್ದಾಡುತ್ತಿದ್ದರೆ, ಅವಳು ಅದೇ ಸೂರಿನ ಕೆಳಗೆ ಒಬ್ಬಳೇ ಅತ್ತು, ಒಬ್ಬಳೇ ಕಣ್ಣೊರೆಸಿಕೊಂಡು, ಮುಂದಿನ ದಾರಿಯನ್ನೂ ಹುಡುಕಿಟ್ಟಿದ್ದಳು. ಹತ್ತಿರ ಹೋಗಿ ಪಕ್ಕದಲ್ಲಿ ಕೂತೆ. ನನ್ನ ಬಲಗೈಯನ್ನು ಅವಳು ಎಳೆದು ತನ್ನ ಹುಳಿ ಅಂಟಿದ ಕೈಯಲ್ಲಿ ಹಿಡಿದು, ಮಗುಚಿ ಮಗುಚಿ ನೋಡಿದಳು. ತಮ್ಮ ಎದುರಿಗೇ ಇದ್ದ, ಇಬ್ಬರಿಗೂ ನಾಚಿಕೆಯಾಗಲಿಲ್ಲ.

"ಕಲೀತೀಯ?" ಎಂದೆ.

"ಈಗ್ಯಾಕೆ? ನಿನ್ ಕೈ ನೆಟ್ಟಗೈತಲ್ಲ."

"ಇರ್ಲಿ. ನಾನೇ ಕಲಿಸ್ತೀನಿ."

"ನೀನಾ? ಬ್ಯಾಡಪ್ಪಾ, ಬೈಸ್ಕಂಡು ಕಲಿಯಕ್ಕೆ ನನ್ ಕೈಲಾಗಲ್ಲ."

ಬೈಯುವುದಿಲ್ಲ ಎಂದು ಮಾತು ಕೊಟ್ಟೆ. ಅವಳು ನಂಬಲಿಲ್ಲ. ಕೈಯನ್ನು ಸೀರೆಗೆ ಒರೆಸಿಕೊಂಡು ಮುಂದೆ ಚಾಚಿದಳು. ಕೀ ಕೊಟ್ಟೆ.